ಓಣಿಯೆಲ್ಲಾ ಹೆಪ್ಪು ಚಲ್ಲಿದ ಗ್ರಹಣ

ನಮ್ಮ ಓಣಿ ಮಂದಿ ಮ್ಯಾಲ ನನಗ ಇನ್ನೂ ಸಿಟ್ಟೈತಿ. ಅವರಾಗ ಮುಕ್ಕಾಲು ಮಂದಿ ಮಣ್ಣಾಗಿ ಹೋದ್ರು, ಉಳಿದವರಿಗೆ ಕಣ್ಣು ಕಾಣಾಂಗಿಲ್ಲ, ಕಿವಿ ಕೇಳಾಂಗಿಲ್ಲ. ಆದ್ರೂ ಸಿಟ್ಟು ಹಂಗಽ ಐತಿ. "ಎಷ್ಟು ವರ್ಷದ ಮಾತದು, ಬಿಡಬೇ" ಅಂತಾಳ ನನ್ನ ಮಗಳು. ಯಾಕ ಬಿಡಬೇಕು? ಅವರೇನು ನಮ್ಮವ್ವನ್ನ ಬಿಟ್ಟಿದ್ರೇನು?

ಇದು ಕುಕನೂರಾಗ ನಡೆದದ್ದು. ನಿಜಾಮರ ರಾಜ್ಯ, ದೊಡ್ಡ ಲಡಾಯಿ ಇನ್ನೂ ಶುರುವಾಗಿರಲಿಲ್ಲ. ನಾನು ಲಂಗ ಉಡೋ ಹುಡುಗಿ. ಅಪ್ಪ ತೀರಿಕೊಂಡಿದ್ದ. ಮನ್ಯಾಗ ಇದ್ದೋರು ಅವ್ವ, ನಾನು, ಹಿತ್ತಲದಾಗ ಎರಡು ಎಮ್ಮಿ. ಅಪ್ಪ ಸತ್ತ ಕೂಡ್ಲೇ ಕುಷ್ಟಗಿಯೊಳಗಿದ್ದ ನಮ್ಮ ಕಾಕಾ ಬಂದು, "ಎಮ್ಮಿ ಹೊಡ್ಕೊಂಡು ನಮ್ಮ ಮನಿಗೆ ನಡಿ, ಒಂದು ಮೂಲ್ಯಾಗ ಇರೀಯಂತ" ಅಂದಿದ್ದ. ಅವನ ಮನ್ಯಾಗ ಮೂಲಿ ಅಂದ್ರೇನು ಅಂತ ಅವ್ವಗ ಗೊತ್ತಿತ್ತು. ಸಾಯೂತನಕಾ ಕಾಕಿಯ ಮುಸುರಿ ತಿಕ್ಕಿ, ಉಳಿದದ್ದು ತಿಂದು, ಉಟ್ಟು ಬಿಟ್ಟದ್ದು ಉಡೋ ಮೂಲಿ ಅದು. ಎಮ್ಮಿ ಮಾತ್ರ ಅವನ ಕೊಟಗ್ಯಾಗ ಚಂದಾಗಿ ಇರ್ತಿದ್ವು. "ನನ್ನ ಒಲಿ ನನಗಿರ್ಲಿ" ಅಂದ ಅವ್ವ ಮಸರು ಮಾರಾಕ ನಿಂತ್ಲು.

ಅವ್ವನ ಮಸರು ಅಂದ್ರ ಗಡಿಗಿ ಬೋರಲು ಹಾಕಿದ್ರೂ ಬೀಳ್ತಿರಲಿಲ್ಲ. ಹಾಲು ಕಾಸಿ ಇಳಿಸಿ, ಕಿರಿಬೆರಳು ಅದ್ದಿ ನೋಡಿ, ಬೆರಳಿಗೆ ಹಿತ ಅನ್ನಿಸಿದಾಗ ಹೆಪ್ಪು ಹಾಕೋದು. ಹೆಪ್ಪು ಅಂದ್ರ ನಿನ್ನಿ ಮಸರಿಂದು ಒಂದು ಚಮಚ. ನಿನ್ನೀದಕ್ಕ ಮೊನ್ನೀದು, ಮೊನ್ನೀದಕ್ಕ ಆಚಿ ಮೊನ್ನೀದು. ಆ ಹೆಪ್ಪು ಅವ್ವಗ ಅವರವ್ವ ತವರಿಂದ ಕೊಟ್ಟದ್ದು. ಓಣಿಯೊಳಗ ಯಾರ ಮನಿ ಮಸರು ಕೆಟ್ಟು ನೂಲು ನೂಲು ಬಂದ್ರೂ, ಬಟ್ಟಲಾ ಹಿಡ್ಕೊಂಡು ನಮ್ಮ ಬಾಗಿಲಿಗೆ ಬರೋರು. ಹೆಪ್ಪಿಗೆ ಯಾರೂ ರೊಕ್ಕಾ ಕೊಡಾಂಗಿಲ್ಲ, ಕೇಳಾಂಗೂ ಇಲ್ಲ. ದೀಪಾ ಹಚ್ಚೂದ್ರೊಳಗ ಬಂದು ಒಯ್ಯಬೇಕು ಅಷ್ಟಽ. ಹಂಗಾಗಿ ಓಣಿಯೊಳಗ ಇದ್ದ ಮಸರೆಲ್ಲಾ ಒಂದು ಲೆಕ್ಕಕ್ಕ ನಮ್ಮವ್ವನ ಮಸರಽ.

ನಮ್ಮ ಓಣಿಗೆ ದೊಡ್ಡ ಮನಷ್ಯಾ ಅಂದ್ರ ಅಡತಿ ಅಂಗಡಿ ಸಾವ್ಕಾರ. ಶೇಂಗಾ, ಹತ್ತಿ, ಜ್ವಾಳ ಎಲ್ಲಾ ಅವನ ಅಂಗಡಿ ಮುಂದಽ ತೂಕಾಗಬೇಕು. ಊರಿಗೆ ಕುಡಿಯೋ ನೀರಿನ ಹೊಂಡಾ ಕಟ್ಟಿಸಿದ್ದು ಅವರಜ್ಜ. ಹೊಂಡದ ಕಲ್ಲಿನ ಮ್ಯಾಲ ಅಜ್ಜನ ಹೆಸರು ಕೆತ್ತಿತ್ತು, ಇವಾ ದಿನಾ ಮುಂಜಾನೆ ಹೋಗಿ ಆ ಕಲ್ಲಿಗೆ ನೀರು ಹಾಕಿ ಕೈ ಮುಗಿದು ಬರ್ತಿದ್ದ. ಅದಽ ನೀರಾಗ ಮಂದಿ ಕಾಲು ತೊಳೀತಿದ್ರು, ದನಾ ಇಳೀತಿದ್ವು, ಬ್ಯಾಸಗಿ ಬಂದ್ರ ಓಣಿಗೊಬ್ಬರು ವಾಂತಿ ಭೇದಿಯಾಗಿ ಮಲಗ್ತಿದ್ರು. ಅದಕ್ಕ ದೇವರ ಸಿಟ್ಟು ಅಂತ ಹೆಸರಿತ್ತು.

ಇಂಥಾ ಊರಿಗೆ ಹೈದರಾಬಾದ್ ಕಡಿಂದ ಒಬ್ಬ ಮಾಸ್ತರ ಬಂದ. ಸಾಲ್ಯಾಗ ಉರ್ದುವಿನೊಳಗ ಸೈನ್ಸ್ ಕಲಸೋ ಮಾಸ್ತರ. ಕಡ್ಡಿಯಂಥಾ ಮನಷ್ಯಾ, ಕರೀ ಟೊಪಗಿ, ಗುಂಡಿ ಎಲ್ಲಾ ಹಾಕ್ಕೊಂಡ ಶೇರವಾನಿ. ನಮ್ಮ ಹಿಂದಿನ ಗಲ್ಲಿಯೊಳಗ ಮನಿ ಮಾಡಿದ್ದ. ಅವನ ಹೇಣ್ತಿ ಗೋಷಾದಾಗಿರೋ ಹೆಣ್ಣುಮಗಳು, ಹೊಸ್ತಿಲಾ ದಾಟ್ತಿರಲಿಲ್ಲ. ನಾವು ಬೀಬಿ ಅಂತಿದ್ವಿ. ನಾನು ದಿನಾ ಅವರ ಮನಿಗೆ ಮಸರು ಒಯ್ದು ಪಡದಿ ಹೊರಗ ಇಟ್ಟು ಬರ್ತಿದ್ದೆ. ಒಮ್ಮೊಮ್ಮೆ ಆಕಿ ಪಡದಿ ಸರಿಸಿ, ಖಜೂರ ಕೊಟ್ಟು, ನಮ್ಮ ಮಸರಿನ ಹೆಪ್ಪು ಹಾಕಿ ತಾನೂ ತನ್ನ ಆಡಿನ ಹಾಲು ಗಟ್ಟಿ ಮಾಡಿದ್ದನ್ನ ತೋರಸ್ತಿದ್ಲು. ನಾನು ಖಜೂರ ತಿಂದು ಓಡಿ ಬರ್ತಿದ್ದೆ.

ಮಾಸ್ತರಗ ಸುಮ್ಮ ಕುಂದರಾಕ ಬರ್ತಿರಲಿಲ್ಲ. ಸಾಲಿಗೆ ಹಿತ್ತಾಳಿದೊಂದು ಕೊಳವಿ ತರಿಸಿದ. ಖುರ್ದಬೀನ್ ಅಂತ ಅದರ ಹೆಸರು. ಸಣ್ಣದನ್ನ ದೊಡ್ಡದು ಮಾಡಿ ತೋರಸೋ ಯಂತ್ರ. ಹುಡುಗೂರಿಗೆ ತೋರಿಸಿ ಬಿಟ್ಟಿದ್ರ ಯಾರ ಗಂಟೂ ಹೋಗ್ತಿರಲಿಲ್ಲ. ಆದ್ರ ಇವಗ ಊರು ಉದ್ಧಾರ ಮಾಡೋ ಹುಚ್ಚು. ಸಂತಿ ದಿನ ಕೊಳವೀನ ಸಾಲಿ ಕಟ್ಟಿ ಮ್ಯಾಲ ತಂದಿಟ್ಟು, ಬಿಸಿಲು ಹಿಡಿಯೋ ಕನ್ನಡಿ ತಿರುವಿ, ಬರೋ ಹೋಗೋರನ್ನೆಲ್ಲಾ ಕರದ. ಅವನ ಕನ್ನಡ ಮುರಕ್ಲು ಮುರಕ್ಲು. "ಬನ್ನಿ, ನೋಡಿ, ಫುಕಟ್" ಅಂದ. ಫುಕಟ್ ಅಂದ ಮ್ಯಾಲ ಕೇಳಬೇಕೇನು, ಸಂತಿ ಎಲ್ಲಾ ಅಲ್ಲೇ ನೆರೀತು. ನಾನೂ ಅವ್ವನೂ ಸಾಲಿ ಕಟ್ಟಿ ಮಗ್ಗಲದಾಗ ಮಸರಿನ ಗಡಿಗಿ ಇಟ್ಕೊಂಡು ಕುಂತಿದ್ವಿ.

ಮೊದ್ಲು ಉಳ್ಳಾಗಡ್ಡಿ ಪರೀ ಇಟ್ಟ. ನಾನೂ ಇಣುಕಿ ನೋಡಿದೆ. ಇಟ್ಟಂಗಿ ಜೋಡಿಸಿದ ಗ್ವಾಡಿ ಕಂಡ್ಹಂಗ ಕಾಣ್ತಿತ್ತು, ಒಂದೊಂದು ಇಟ್ಟಂಗಿಯೊಳಗ ಒಂದೊಂದು ಚುಕ್ಕಿ. "ಇದು ಖಲಿಯಾ" ಅಂದ ಮಾಸ್ತರ. "ಒಂದೊಂದು ಸಣ್ಣ ಕೋಲಿ. ಸುತ್ತ ಗ್ವಾಡಿ, ಒಳಗ ರಸಾ, ನಡುವ ಮನಿ ಯಜಮಾನ. ಗಿಡಾ, ದನಾ, ನಾನು, ನೀವು, ಎಲ್ಲಾ ಇಂಥಾ ಕೋಲಿ ಕೂಡಿಸಿ ಆಗಿದ್ದು." ಮಂದಿ ನಕ್ಕೋತ ಒಬ್ಬರ ಮೈ ಒಬ್ಬರು ಮುಟ್ಟಿ ನೋಡ್ಕೊಂಡ್ರು. ಅಲ್ಲೀತನಕಾ ಎಲ್ಲಾ ಛಲೋ ಇತ್ತು.

ಆಮ್ಯಾಲ ಹೊಂಡದ ನೀರಿಂದು ಒಂದು ಹನಿ ಇಟ್ಟ. ನೋಡಿದವರು ಹಿಂದ ಸರದ್ರು. ಕಾಲಿದ್ದದ್ದು, ಬಾಲಿದ್ದದ್ದು, ಚಪ್ಪಲಿ ಆಕಾರದ್ದು, ಹನಿಯೊಳಗ ಸಂತಿ ನೆರದಿತ್ತು. "ಇದನ್ನ ಕುಡೀತೀರಿ" ಅಂದ ಮಾಸ್ತರ. "ಇದಕಿಂತ ಸಣ್ಣವು ಜರಾಸೀಮ್ ಅದಾವು, ಒಂದಽ ಕೋಲಿಯ ಜೀವ. ಅವು ಹೊಟ್ಟಿಗೆ ಹೋದ್ರ ಬ್ಯಾನಿ. ನೀರು ಕುದಿಸಿ ಕುಡೀರಿ, ಸಾಯ್ತಾವು." ಅಷ್ಟೊತ್ತಿಗೆ ಸಾವ್ಕಾರ ಬಂದಿದ್ದ. ಅವರಜ್ಜನ ಹೊಂಡದಾಗ ಹುಳಾ ಅಂದ್ರ ಬಿಡ್ತಾನೇನು. "ಮಾಸ್ತರ, ನಿನ್ನ ಕೊಳವ್ಯಾಗಽ ಹುಳಾ ಅದಾವು. ಶುದ್ಧ ಪದಾರ್ಥ ಇಟ್ಟು ತೋರಸು ನೋಡೋಣು" ಅಂದವನು ಸುತ್ತಾ ನೋಡಿದ. ನಮ್ಮ ಗಡಿಗಿ ಕಂಡ್ತು. "ಅಲ್ಲಿ ನೋಡು, ಆ ಮಸರು ಇಡು. ದೇವರಿಗೆ ಅಭಿಷೇಕ ಮಾಡೋ ಪದಾರ್ಥ. ಅದರಾಗೂ ಹುಳಾ ಕಂಡ್ರ ನಿನ್ನ ಕೊಳವಿ ಸುಳ್ಳು ಅಂತ ತಿಳಿ."

ಅವಗ ನಮ್ಮವ್ವನ ಮ್ಯಾಲ ಏನೂ ಸಿಟ್ಟಿರಲಿಲ್ಲ. ಕೈಗೆ ಸಿಕ್ಕಿದ್ವಿ, ಎತ್ತಿ ಒಗದ, ಅಷ್ಟಽ. ಅದಽ ನನಗ ಇವತ್ತಿಗೂ ಹೊಟ್ಟಿ ಉರಸೋದು.

ಮಾಸ್ತರ ಅಲ್ಲೇ ಬ್ಯಾಡ ಅನ್ನಬೇಕಿತ್ತು. ಅನ್ನಲಿಲ್ಲ. ಹುರುಪಿನ ಕುದರಿ ಏರಿದ್ದ. ಒಂದು ಚೂರು ಮಸರು ಗಾಜಿಗೆ ಹಚ್ಚಿ, ನೀಲಿ ಬಣ್ಣದ ಹನಿ ಹಾಕಿ, ಕೊಳವಿ ಕೆಳಗ ಇಟ್ಟ. ಸಾವ್ಕಾರ ಬಗ್ಗಿ ನೋಡಿದ. ಬಗ್ಗಿದಾಂವ ಏಳಲೇ ಇಲ್ಲ ಭಾಳ ಹೊತ್ತು. ಎದ್ದಾಗ ಮಾರಿ ಬ್ಯಾರೇನಽ ಆಗಿತ್ತು, "ಹುಳಾ!" ಅಂತ ಕೂಗಿದ. ಮಂದಿ ಒಬ್ಬೊಬ್ಬರಽ ನೋಡಿದ್ರು. ಸಣ್ಣ ಸಣ್ಣ ಕಡ್ಡಿ, ಮಣಿ ಪೋಣಿಸಿದಂಥಾ ಸರಾ, ಎಣಸಾಕಾಗದಷ್ಟು. ಮಾಸ್ತರ ಕೂಗಿ ಹೇಳಿದ, "ಇವೂ ಜೀವಾನಽ. ಆದ್ರ ಇವು ದೋಸ್ತ. ಇವು ಇಲ್ಲಂದ್ರ ಮಸರಽ ಇಲ್ಲ. ಹಾಲು ತಿಂದು ಹುಳಿ ಮಾಡೋರು ಇವರಽ. ನೀರಿನ ಕೆಟ್ಟ ಜೀವ ಬ್ಯಾರೆ, ಇವು ಬ್ಯಾರೆ." ಮೊದಲಿನ ಮಾತು ಸಂತಿಗೆಲ್ಲಾ ಕೇಳಿಸ್ತು. ಎರಡನೇ ಮಾತು ಕೇಳೋ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ.

ಸಂಜಿಯೊಳಗ ಊರ ತುಂಬ ಒಂದಽ ಮಾತು. ಆ ರಂಡಿಮುಂಡಿ ಮಸರಿನ್ಯಾಗ ಹುಳಾ ಅದಾವಂತ. ಸಾವ್ಕಾರ ತನ್ನ ಕಣ್ಣಿಲೆ ಕಂಡಾನಂತ. ಜೀವಾ ತಿನ್ನದ ಮಂದಿ ನಾವು, ಇಷ್ಟು ದಿನಾ ನಮಗ ಹುಳಾ ತಿನ್ನಿಸ್ಯಾಳಂತ. ಹೊಂಡದ ಸುದ್ದಿ ಯಾರೂ ಎತ್ತಲಿಲ್ಲ. ಮರುದಿನ ಮುಂಜಾನೆ ಎಲ್ಲಾರೂ ಕೊಡಾ ತಗೊಂಡು ಹೊಂಡಕ್ಕ ಹೋದ್ರು, ನೀರು ತಂದ್ರು, ಕುಡದ್ರು. ನಮ್ಮ ಗಡಿಗಿ ಹೆಂಗ ತುಂಬಿಕೊಂಡು ಹೋಗಿತ್ತೋ ಹಂಗಽ ತಿರುಗಿ ಬಂತು.

ಅವ್ವ ಬೆಣ್ಣಿ ತಗದ್ಲು, ತುಪ್ಪಾ ಕಾಸಿದ್ಲು. ತುಪ್ಪದಾಗೂ ಹುಳಾ ಅಂದ್ರು. ಹಾಲು ಕೊಡ್ತೀನಿ ಅಂದ್ರ ಆಕಿ ಕೈ ನೀರು ಬ್ಯಾಡ ಅಂದ್ರು. ನಾನು ದಾರ್‍ಯಾಗ ಹೊಂಟ್ರ ನನ್ನ ವಾರಿಗಿ ಹುಡುಗ್ಯಾರು ಬೆರಳು ಡೊಂಕು ಮಾಡಿ ಹುಳದಂಗ ಆಡಿಸಿ ತೋರಸೋರು. ಒಬ್ಬಾಕೀದು ಜಡಿ ಕಿತ್ತು ಕೈಗೆ ಕೊಟ್ಟು ಬಂದೆ. ಅವ್ವ ನನಗ ಬಡದ್ಲು. ಬಡದು ಮುಗಿಸಿ, "ಇನ್ನೊಂದು ಜಡಿ ಯಾಕ ಬಿಟ್ಟಿ" ಅಂದ್ಲು.

ಎಮ್ಮಿಗೆ ಹಿಂಡಿ ಹಾಕೋದು ನಿಂತ್ತು. ಕುಷ್ಟಗಿಗೆ ಸುದ್ದಿ ಮುಟ್ಟಿ ಕಾಕಾ ಬಂದ. ಒಂದು ಮಾತು ಸಮಾಧಾನ ಹೇಳಲಿಲ್ಲ, ಎಮ್ಮಿ ಹಲ್ಲು ನೋಡಿದ, ಕೆಚ್ಚಲಾ ಒತ್ತಿ ನೋಡಿದ. "ಮುಂದ ಸೂರ್ಯಗ್ರಹಣ ಐತಿ. ಅದು ಮುಗಿದ ಮರುದಿನ ಬಂಡಿ ತರ್ತೀನಿ. ಗಂಟು ಕಟ್ಟಿ ಇಟ್ಟಿರ್ರಿ" ಅಂದ. ಅಂವ ಹೋದ ಮ್ಯಾಲ ಅವ್ವ ಒಲಿ ಮುಂದ ಕುಂತು ಒಲೀನಽ ನೋಡಿದ್ಲು.

ನನಗ ಸಿಟ್ಟು ತಡೀಲಿಲ್ಲ. ನೆಟ್ಟಗ ಮಾಸ್ತರನ ಮನಿಗೆ ಹೋಗಿ ಅಂಗಳದಾಗ ನಿಂತು ಬಾಯಿಗೆ ಬಂದ್ಹಂಗ ಬೈದೆ. ನಿನ್ನ ಕೊಳವಿಗೆ ಬೆಂಕಿ ಬೀಳ್ಲಿ, ನಿನ್ನ ಹೊಟ್ಟಿ ತಣ್ಣಗಿರಬ್ಯಾಡ, ನಮ್ಮವ್ವ ನಿನಗೇನು ಮಾಡಿದ್ಲು ಅಂತ. ಅಂವ ಬೈಸಿಕೊಂಡ. ಸಾವ್ಕಾರನ ಅಂಗಡಿಗೆ ಹೋಗಿ ತಿಳಿಸಿ ಹೇಳಿದ್ನಂತ, ಸಾವ್ಕಾರ "ನಿನ್ನ ಬದ್ಲಿ ಮಾಡಿಸಬೇಕೇನು" ಅಂದ್ನಂತ, ಇವಾ ಬಾಯಿ ಮುಚ್ಕೊಂಡು ಬಂದ್ನಂತ. ಇಂಥಾ ಗಂಡಸು. ಅದನ್ನೂ ಬೈದೆ.

ಆಮ್ಯಾಲ ಅಂವ ಒಂದು ಕಡ್ಡಿ ತಂದು, "ಬಾಯಿ ತಗಿ" ಅಂದ. ನನ್ನ ಹಲ್ಲಿಂದ ಬಿಳೇ ಪಾಚಿ ಕೆರದು ಗಾಜಿಗೆ ಹಚ್ಚಿ, ಕೊಳವಿ ಕೆಳಗ ಇಟ್ಟು, "ನೋಡು" ಅಂದ. ನೋಡಿದೆ. ಅಂಥಾವಽ ಕಡ್ಡಿ, ಅಂಥಾವಽ ಮಣಿ, ಅವುಕಿಂತ ಹೆಚ್ಚು. ನನಗ ಮಾಸ್ತರನ್ನ ಕಚ್ಚಬೇಕು ಅನ್ನಿಸ್ತು. "ಎಲ್ಲಾರ ಬಾಯಾಗ ಅದಾವು" ಅಂದ. "ನನ್ನ ಬಾಯಾಗ, ಸಾವ್ಕಾರನ ಬಾಯಾಗ. ಜೀವಾ ಬಿಟ್ಟು ಜೀವಾ ಇಲ್ಲ." ಅವು ಹೆಂಗ ಹೆಚ್ಚಾಗ್ತಾವು ಅಂತ ನೆಲದ ಮ್ಯಾಲ ಬೆರಳಿಲೆ ಬರದು ತೋರಿಸಿದ. ಒಂದು ಕಡ್ಡಿ ಉದ್ದಾಗ್ತೈತಿ, ನಡುವ ಗ್ವಾಡಿ ಏಳ್ತೈತಿ, ಎರಡಾಗ್ತೈತಿ. ಎರಡು ನಾಕಾಗ್ತಾವು. ಬೆಚ್ಚಗಿದ್ರ ಜಲ್ದಿ, ತಣ್ಣಗಿದ್ರ ಸಾವಕಾಶ, ಕುದಿಸಿದ್ರ ಖಲಾಸ್. "ಇವುಕ ಗಂಡಿಲ್ಲ ಹೆಣ್ಣಿಲ್ಲ. ತಾಯಿ ಯಾವುದು ಮಗಳು ಯಾವುದು ಅಂತ ಕೇಳಾಕ ಬರಾಂಗಿಲ್ಲ. ಎರಡೂ ಅದಽ."

"ಕೇಳಿ ನಾನೇನು ಮಾಡ್ಲಿ" ಅಂದು ಬಂದೆ. ಅವತ್ತಿಂದ ಅವರ ಮನಿಗೆ ಮಸರು ಒಯ್ಯೋದೂ ಬಿಟ್ಟೆ.

ಗ್ರಹಣ ಹತ್ರ ಬಂತು. ಗ್ರಹಣ ಅಂದ್ರ ಮಾಡಿದ ಅಡಗಿ ಚಲ್ಲೋದು, ಬಿಟ್ಟ ಮ್ಯಾಲ ತಲಿ ಮ್ಯಾಲ ನೀರು ಹಾಕ್ಕೊಳ್ಳೋದು ಇದ್ದದ್ದಽ. ಹಾಲು ಮಸರು ಉಪ್ಪಿನಕಾಯಿ ಮಾತ್ರ ಯಾರೂ ಚಲ್ಲಾಂಗಿಲ್ಲ, ಮ್ಯಾಲೊಂದು ದರ್ಭಿ ಕಡ್ಡಿ ಇಟ್ರ ಮುಗೀತು. ಆದ್ರ ಆ ಸಲ ಸಾವ್ಕಾರನ ಹೇಣ್ತಿ ತಲ್ಯಾಗ ಒಂದು ಹೊಳೀತು. ಓಣಿ ಹೆಪ್ಪೆಲ್ಲಾ ಆ ಮನಿಯಿಂದ ಬಂದದ್ದು, ಅಂದ ಮ್ಯಾಲ ನಮ್ಮ ನಮ್ಮ ಗಡಿಗಿಯೊಳಗೂ ಅದಽ ಹುಳಾ ಇರಬೇಕಲ್ಲ? ಆಕಿ ಐನೋರನ್ನ ಕೇಳಿದ್ಲು. ಐನೋರು ಪಂಚಾಂಗ ನೋಡ್ಕೋತ, "ಈ ಸಲ ಮಸರಿಗೆ ದರ್ಭಿ ಬ್ಯಾಡ. ಎಲ್ಲಾ ಚಲ್ಲಿ, ಗಡಿಗಿ ಬೂದಿ ಹಚ್ಚಿ ತೊಳದು, ಹೊಸ್ತಾಗಿ ಶುರು ಮಾಡ್ರಿ" ಅಂದ್ರು. ಈ ಮಾತಿನ್ಯಾಗ ಏನು ತಪ್ಪೈತಿ ಅನ್ನೋದು ಊರಾಗ ಒಬ್ಬರಿಗೂ ಹೊಳೀಲಿಲ್ಲ. ಖರೇ ಹೇಳ್ಬೇಕಂದ್ರ ನಮಗೂ ಹೊಳೀಲಿಲ್ಲ.

ಗ್ರಹಣ ಮುಂಜಾನೆ ಹಿಡದು ಮಧ್ಯಾಹ್ನ ಬಿಡ್ತು. ಮನಿ ಮನಿಯಿಂದ ಹೆಣ್ಣುಮಕ್ಕಳು ಗಡಿಗಿ ತಂದು ತಿಪ್ಪಿಗೆ ಸುರುವಿದ್ರು. ನಾಯಿಗಳಿಗೆ ಅಂಥಾ ಹಬ್ಬ ಮತ್ತ ಬರಲಿಲ್ಲ. ಸಾವ್ಕಾರನ ಹೇಣ್ತಿ ನಮ್ಮ ಬಾಗಿಲಾಗ ಬಂದು ನಿಂತ್ಲು. "ನಿಂದಽ ಮೊದ್ಲು ಹೋಗಬೇಕು ನೋಡವಾ, ಬೇರಽ ಅದು" ಅಂದ್ಲು. ಅವ್ವ ನೆಲುವಿನ ಮ್ಯಾಲಿಂದ ಗಡಿಗಿ ಇಳಿಸಿ, ಅವರವ್ವ ಕೊಟ್ಟ ಹೆಪ್ಪಿನ ಬಟ್ಟಲಾ ಸಮೇತ ಒಯ್ದು ತಿಪ್ಪಿಗೆ ಹಾಕಿದ್ಲು. ನಾನು ಆ ಹೆಂಗಸಿನ ಕಾಲಿಗೆ ಒದಿಬೇಕಂತ ಹೋದೆ, ಅವ್ವ ರಟ್ಟಿ ಹಿಡದು ಎಳದ್ಲು. ನಾಳೆ ಬಂಡಿ ಬರೂದಿತ್ತು. ಆಕಿಗೆ ಇನ್ನ ಜಗಳಾ ಮಾಡೋ ಮನಸ್ಸಿರಲಿಲ್ಲ.

ಹೊತ್ತು ಇಳೀತು. ಎಮ್ಮಿ ಹಿಂಡಿದ್ರು, ಹಾಲು ಕಾಸಿದ್ರು, ಬೆರಳು ಅದ್ದಿ ನೋಡಿದ್ರು. ಆಮ್ಯಾಲ ಹೆಪ್ಪಿಗೆ ಕೈ ಚಾಚಿದ್ರು. ಆಗ ಗೊತ್ತಾತು. ಪ್ರತಿಯೊಬ್ಬಾಕಿ ಮಗ್ಗಲ ಮನಿಯಾಕೀನ್ನ ನಂಬಿ ತನ್ನ ಗಡಿಗಿ ಚಲ್ಲಿದ್ಲು. ಬಟ್ಟಲಾ ಹಿಡ್ಕೊಂಡು ಈ ಮನಿಯಾಕಿ ಆ ಮನಿಗೆ, ಆ ಮನಿಯಾಕಿ ಈ ಮನಿಗೆ, ನಡು ದಾರ್‍ಯಾಗ ಒಬ್ಬರಿಗೊಬ್ಬರು ಭೆಟ್ಟಿಯಾಗಿ, "ನಿಮ್ಮಲ್ಲಿ ಐತೇನವಾ", "ನಾ ನಿಮ್ಮಲ್ಲಿಗೇ ಹೊಂಟಿದ್ದೆ." ಮಸರು ಮಾಡಾಕ ಮಸರು ಬೇಕು ಅನ್ನೋದು ಹುಟ್ಟಿದಾಗಿಂದ ಗೊತ್ತಿದ್ದ ಮಾತು, ಊರಿಗೆ ಊರಽ ಮರತಿತ್ತು. ಒಬ್ಬಾಕಿ ಹುಣಸಿಹಣ್ಣು ಹಿಂಡಿದ್ಲು, ಹಾಲು ಒಡೀತು. ಒಬ್ಬಾಕಿ ಮೆಣಸಿನಕಾಯಿ ತೊಟ್ಟು ಹಾಕಿದ್ಲು, ಅದು ಖಾರ ನೀರಾತು. ನಾನು ಕಟ್ಟಿ ಮ್ಯಾಲ ಕುಂತು ನೋಡಿ ನೋಡಿ ನಕ್ಕೆ. ನಗೂದ್ರಾಗ ಬೀಬಿ ನೆನಪಾದ್ಲು. ಆಕಿ ಗ್ರಹಣಕ್ಕ ಮಸರು ಚಲ್ಲೋ ಪೈಕಿ ಅಲ್ಲ.

ಓಡಿದೆ. ಬೈದು ಬಂದ ಬಾಗಿಲಾ, ಆದ್ರೂ ಹೋದೆ. ಪಡದಿ ಹೊರಗ ನಿಂತು ಬಟ್ಟಲಾ ಚಾಚಿದೆ. ಏನು ಬೇಕು ಅಂತ ಆಕಿ ಕೇಳಲಿಲ್ಲ. ಗ್ವಾಡಿ ಆಚಿಂದ ತಿಪ್ಪಿ ಗದ್ದಲ ಎಲ್ಲಾ ಕೇಳಿದ್ಲು ಕಾಣಸ್ತೈತಿ. ತನ್ನ ಗಡಿಗಿಂದು ಒಂದು ಹಿಡಿ ತಗದು ಹಾಕಿ, "ತುಮಾರಾಚ್ ಹೈ, ಲೇ ಜಾವ್" ಅಂದ್ಲು. ನಿಮ್ಮದಽ ಐತಿ, ಒಯ್ಯಿ ಅಂತ. ನಾನು ಬಟ್ಟಲಾ ಲಂಗದಾಗ ಮುಚ್ಕೊಂಡು ಬಂದೆ.

ಅವ್ವ ದೀಪಕ್ಕ ಬತ್ತಿ ಹಾಕಾಕತ್ತಿದ್ಲು. "ಎಲ್ಲಿಂದ" ಅಂದ್ಲು. ಹೇಳಿದೆ. ಬತ್ತಿ ಕೈಯಾಗ ಹಿಡ್ಕೊಂಡು ನಿಂತಾಕಿ ನಿಂತಽ ಬಿಟ್ಲು. ಅವರ ಮನೀದು ನಮ್ಮ ಗಡಿಗ್ಯಾಗ ಬಿತ್ತು ಅನ್ನೋದು ಹೊರಗ ಬಂದ್ರ, ಮಸರು ಅಷ್ಟಽ ಅಲ್ಲ, ನಮ್ಮ ಮನಿ ನೀರು ಬೆಂಕಿ ಎಲ್ಲಾ ಬಂದ್. ಹಾಕದಿದ್ರ ನಾಳೆ ಬಂಡಿ. ನಾನು ಮಾಸ್ತರ ನೆಲದ ಮ್ಯಾಲ ಬರದದ್ದನ್ನ ಹೇಳಿದೆ. ನಮ್ಮ ಮಸರಿನ ಜೀವಾ ಅವರ ಹಾಲಿನ್ಯಾಗ ಹೋಗಿ ಎರಡಾಗಿ ನಾಕಾಗಿ ಕುಂತಾವು, ತಾಯಿ ಯಾವುದು ಮಗಳು ಯಾವುದು ಕೇಳಾಂಗಿಲ್ಲ, ಎರಡೂ ಅದಽ ಅಂತ. ಅವ್ವ ಬಟ್ಟಲಾ ತಗೊಂಡು ಮೂಸಿ ನೋಡಿದ್ಲು. ಇನ್ನೊಮ್ಮೆ ಮೂಸಿದ್ಲು. ಆಡಿನ ವಾಸನಿ ಹೊಡದಿರಬೇಕು, ಮೂಗು ಸಿಂಡರಿಸಿದ್ಲು. "ಆಡಿನ ಕೂಡ ಇದ್ದು ಬಂದ್ರೂ ನಮ್ಮವ್ವಂದಽ ಇದು" ಅಂದು, ದೀಪಾ ಹಚ್ಚೂದ್ರೊಳಗ ಎರಡೂ ಗಡಿಗಿಗೆ ಹಾಕಿಬಿಟ್ಲು.

ಮುಂಜಾನೆ ನೋಡಿದ್ರ ಗಡಿಗಿ ಕಲ್ಲು. ಬುಟ್ಟಿ ತಲಿ ಮ್ಯಾಲ ಹೊತ್ಕೊಂಡು ಓಣಿಯೊಳಗ ಹೊಂಟೆ. "ಮಸರೂ, ಮಸರೂ" ಅಂತ ನಾ ಅವತ್ತು ಕೂಗಿದ್ಹಂಗ ಜನ್ಮದಾಗ ಕೂಗಿಲ್ಲ. ಬಾಗಿಲಾ ಬಾಗಿಲದಾಗ ನಿಂತು ಕೂಗಿದೆ. ಒಬ್ಬರೂ ಹೊರಗ ಬರಲಿಲ್ಲ, ಒಬ್ಬರೂ ಒಳಗ ಸುಮ್ಮಽ ಇರಲಿಲ್ಲ. ಕಿಡಕ್ಯಾಗ ಕಣ್ಣು, ಬಾಗಿಲಾ ಸಂದ್ಯಾಗ ಕಣ್ಣು. ಸಾವ್ಕಾರನ ಮನಿ ಮುಂದ ಹಂದರ ಹಾಕಿತ್ತು. ಗ್ರಹಣದ ಮರುದಿನ ಐನೋರಿಗೆ ಊಟ ಇಟ್ಟಿದ್ದ, ಯಲಬುರ್ಗಿ ಕಡಿಂದೂ ಐನೋರು ಬಂದಿದ್ರು. ಕಡೀಕ ಮಸರಬುತ್ತಿ ಬೀಳದ ಊಟ ಊಟಽ ಅಲ್ಲ, ಯಜಮಾನನ ಮರ್ಯಾದಿ ಮಣ್ಣು. ಅಲ್ಲಿ ನಿಂತು ಭಾಳ ಹೊತ್ತು ಕೂಗಿ ಮನಿಗೆ ಬಂದೆ.

ಬಂದ ಸ್ವಲ್ಪ ಹೊತ್ತಿಗೆ ಕಾಕಾನ ಬಂಡಿ ಬಂತು. ಅವನ ಹಿಂದಽ ಸಾವ್ಕಾರ ಬಂದ. ಆಳಿನ ಕೈಯಾಗಲ್ಲ, ಹೇಣ್ತಿ ಕೈಯಾಗಲ್ಲ, ತಾನಽ ಬೋಗೋಣಿ ಹಿಡ್ಕೊಂಡು ಬಂದ. ಅವರಿಬ್ಬರ ಕೈಲೆ ಆಗೋ ಕೆಲಸಾ ಅಲ್ಲ ಅಂತ ಅವಗ ತಿಳಿದಿತ್ತು. ಮಾರಿ ಗಂಟು ಹಾಕ್ಕೊಂಡು, "ಮಸರು ಬೇಕಾಗಿತ್ತು" ಅಂದ. ನಾನು ಬಾಗಿಲಕ್ಕ ಅಡ್ಡ ನಿಂತು ಕೇಳಿದೆ, "ಎಷ್ಟು ಹುಳಾ ಹಾಕ್ಲಿರಿ?"

ಅವ್ವ ನನ್ನ ಹಿಂದ ಸರಿಸಿದ್ಲು. ಬೈಯ್ಯಲಿಲ್ಲ, ಅದನ್ನ ನೆನಪಿಟ್ಟೀನಿ. ಸಾವ್ಕಾರನ ಹತ್ರ ಬಂದು ಸಣ್ಣ ದನಿಲೆ ಹೇಳಿದ್ಲು, "ಕೊಡ್ತೀನ್ರಿ. ಕೊಡೂದಕ್ಕ ಮೊದ್ಲು ಒಂದು ಮಾತು. ನಿಮ್ಮ ಮನಿಯವರು ನಿಂತು ನಂದೆಲ್ಲಾ ಚಲ್ಲಿಸಿದ್ರು. ಈ ಹೆಪ್ಪು ಮಾಸ್ತರನ ಬೀಬಿ ಗಡಿಗಿಂದು. ಆಕಿ ಆಡಿನ ಹಾಲಿಂದು. ಬ್ಯಾಡ ಅನ್ನೋದಿದ್ರ ಈಗಽ ಅನ್ರಿ."

ಎಲ್ಲಾ ಮುಗೀತು, ಹೇಳಿಬಿಟ್ಲು, ಇನ್ನ ಕುಷ್ಟಗಿ ಮುಸುರಿನಽ ಗತಿ ಅಂದ್ಕೊಂಡೆ. ಸಾವ್ಕಾರ ಓಣಿ ಈ ಕಡೆ ನೋಡಿದ, ಆ ಕಡೆ ನೋಡಿದ. ಹಂದರದಾಗ ಎಲಿ ಹಾಕಾಕತ್ತಿದ್ದು ಕಾಣ್ತಿತ್ತು. "ಇದು ಯಾರ್‍ಯಾರಿಗೆ ಗೊತ್ತು" ಅಂದ. "ನನಗ, ಈ ಹುಡುಗಿಗೆ, ಹೊಸ್ತಿಲಾ ದಾಟದ ಬೀಬಿಗೆ. ಈಗ ನಿಮಗ" ಅಂದ್ಲು ಅವ್ವ. ಅಂವ ಬೋಗೋಣಿ ಮುಂದ ಚಾಚಿ, "ಹಾಕು" ಅಂದ.

ಅವ್ವ ಹಾಕಲಿಲ್ಲ. "ಮೊದ್ಲು ನೀವು ನಮ್ಮ ಕಟ್ಟಿ ಮ್ಯಾಲ ಕುಂತು ತಿನ್ರಿ. ಸಂತ್ಯಾಗ ಎಲ್ಲಾರ ಮುಂದ ಹುಳಾ ಅಂದಿದ್ರಿ, ಎಲ್ಲಾರ ಮುಂದ ತಿನ್ರಿ" ಅಂದ್ಲು. ತಾಟಿನ್ಯಾಗ ರೊಟ್ಟಿ, ಮಸರು ತಂದಿಟ್ಲು. ಕಿಡಕಿ ಕಣ್ಣೆಲ್ಲಾ ಹೊರಗ ಬಂದ್ವು. ಅಡತಿ ಅಂಗಡಿ ಸಾವ್ಕಾರ ನಮ್ಮ ಮುರಕಲ ಕಟ್ಟಿ ಮ್ಯಾಲ ಕುಂತು, ತಲಿ ತಗ್ಗಿಸಿ ರೊಟ್ಟಿ ಮಸರು ತಿಂದ. ತಾಟು ನೆಕ್ಕಲಿಲ್ಲ, ಅದೊಂದು ಉಳೀತು. ಎದ್ದು, ಓಣಿಗೆ ಕೇಳೂ ಹಂಗ, "ಮಸರು ಛಲೋ ಐತಿ" ಅಂದು ಬೋಗೋಣಿ ತುಂಬಿಸಿಕೊಂಡು ಹೋದ.

ಅಷ್ಟಾಗೂದಽ ತಡ, ನಮ್ಮ ಬಾಗಿಲದಾಗ ಬಟ್ಟಲಗಳ ಸಂತಿ. ಹೆಪ್ಪು ಕೊಡಬೇ, ನಮ್ಮವ್ವಾ, ನಮ್ಮಕ್ಕಾ. ನಿನ್ನಿತನಕಾ ರಂಡಿಮುಂಡಿ ಇದ್ದಾಕಿ ರಾತ್ರಿ ಕಳದು ಅಕ್ಕ ಆಗಿದ್ಲು. ಅವರಿಗೆ ಅವ್ವ ಏನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಬಟ್ಟಲಾ ಬಟ್ಟಲಕ್ಕ ಹಾಕಿ ಹಾಕಿ ಕೊಟ್ಲು. ಕಾಕಾ ಬಂಡಿ ಮ್ಯಾಲ ಕುಂತು ಎಲ್ಲಾ ನೋಡಿದ. "ಮತ್ತ ಎಮ್ಮಿ?" ಅಂದ. "ಎಮ್ಮಿಗೆ ಹಿಂಡಿ ತರಬೇಕು, ಹೋಗೋ ಮುಂದ ಸಂತ್ಯಾಗ ಹೇಳಿ ಹೋಗು" ಅಂದ್ಲು ಅವ್ವ. ಬಂಡಿ ಹೆಂಗ ಬಂದಿತ್ತೋ ಹಂಗಽ ಹೋತು.

"ಸಾವ್ಕಾರಗ ಯಾಕ ಹೇಳಿದಿ" ಅಂತ ಆಮ್ಯಾಲ ಅವ್ವನ ಕೂಡ ಜಗಳಾಡಿದೆ. "ಹೇಳದಿದ್ರ ಇವತ್ತು ತಿಂದು ನಾಳೆ ಮತ್ತ ಹುಳಾ ಅಂತಿದ್ದ" ಅಂದ್ಲು. "ಈಗ ಸಾಯೂತನಕಾ ಅನ್ನಾಂಗಿಲ್ಲ." ಖರೇನಽ ಅನ್ನಲಿಲ್ಲ. ನಾನು ಮದಿವ್ಯಾಗಿ ಕೊಪ್ಪಳಕ್ಕ ಹೋಗೂತನಕಾ ದಿನಾ ಮುಂಜಾನೆ ಅವನ ಬಾಗಿಲಿಗೆ ಹೋಗಿ, "ಹುಳಾ ತಂದೀನ್ರಿ" ಅಂತ ಕೂಗಿ ಮಸರು ಅಳದು ಬರ್ತಿದ್ದೆ. ಒಂದು ದಿನಾನೂ ಬೈಯ್ಯಲಿಲ್ಲ.

ಮಾಸ್ತರನ್ನ ಗಂಗಾವತಿಗೆ ಬದ್ಲಿ ಮಾಡಿದ್ರು, ಹೊಂಡದ ಸಿಟ್ಟು ಯಾರಿಗೂ ಇಳಿದಿರಲಿಲ್ಲ. ಕೊಳವಿ ಸಾಲಿ ಕಪಾಟಿನ್ಯಾಗ ಧೂಳು ತಿಂತು. ಹೋಗೂ ದಿನ ಅವ್ವ ಒಂದು ಸಣ್ಣ ಗಡಿಗ್ಯಾಗ ಹೆಪ್ಪು ಹಾಕಿ, ಬಾಯಿಗೆ ಅರಿವಿ ಕಟ್ಟಿ, ಬೀಬಿಗೆ ಕಳಿಸಿದ್ಲು. ಅವನ ಮ್ಯಾಲಿನ ಸಿಟ್ಟು ನನಗ ಅರ್ಧಾ ಇಳದೈತಿ. ಇನ್ನರ್ಧಾ ಐತಿ. ಗೊತ್ತಿದ್ದಾಂವ ಬಾಯಿ ಮುಚ್ಕೋಬಾರದು.

ಈಗ ಇದನ್ನೆಲ್ಲಾ ಯಾಕ ಬರದೆ ಅಂದ್ರ, ಹ್ವಾದ ತಿಂಗಳ ಒಂದು ಮದಿವ್ಯಾಗ ಸಾವ್ಕಾರನ ಮೊಮ್ಮಗನ ಹೇಣ್ತಿ ನನ್ನ ಮಗ್ಗಲದಾಗ ಊಟಕ್ಕ ಕುಂತಿದ್ಲು. ಓದಿದ ಹೆಣ್ಣುಮಗಳು, ಸಾಲ್ಯಾಗ ಮಕ್ಕಳಿಗೆ ಜೀವಕೋಶ, ಬ್ಯಾಕ್ಟೀರಿಯಾ ಎಲ್ಲಾ ಕಲಸ್ತಾಳಂತ. ಮಸರು ನೀಡೋ ಮುಂದ, "ನಾವು ಹೊರಗಿನ ಮಸರು ಮುಟ್ಟಾಂಗಿಲ್ರಿ. ನಮ್ಮನ್ಯಾಗ ಅಜ್ಜನ ಕಾಲದ ಹೆಪ್ಪೈತಿ, ಮಂದೀದು ಬೆರಿಕಿ ಆಗಲಾರದಂಗ ಕಾಯ್ಕೊಂಡು ಬಂದೀವಿ" ಅಂದ್ಲು. ಅಲ್ಲೇ ಹೇಳಬೇಕಂತ ನಾಲಿಗಿ ತುದೀತನಕಾ ಬಂತು. ಮದಿವಿ ಮನಿ ಅಂತ ನುಂಗಿಕೊಂಡೆ. ಸಾವ್ಕಾರ ಸತ್ತ, ಅವ್ವ ಸತ್ಲು, ಇನ್ನ ಮುಚ್ಚಿಡೋದು ಯಾರ ಸಲುವಾಗಿ?

ತಂಗೀ, ನಿಮ್ಮಜ್ಜನ ಕಾಲದ ಹೆಪ್ಪು ಬೀಬಿ ಹೆಪ್ಪು. ನಿಮ್ಮದೊಂದಽ ಅಲ್ಲ, ಆ ಓಣ್ಯಾಗಿನ ಮನಿ ಮನೀದೂ ಅದಽ. ದಿನಾ ಎರಡಾಗಿ ನಾಕಾಗಿ ನಿಮ್ಮ ಗಡಿಗ್ಯಾಗ ಕುಂತೈತಿ. ಚಲ್ಲೋದಿದ್ರ ಇವತ್ತಽ ಚಲ್ರಿ. ಆದ್ರ ಚಲ್ಲೂದಕ್ಕ ಮೊದ್ಲು, ಸಂಜಿಗೆ ಯಾರ ಮನಿಗೆ ಬಟ್ಟಲಾ ಹಿಡ್ಕೊಂಡು ಹೋಗ್ತೀರಿ ಅನ್ನೋದು ನೋಡ್ಕೊಳ್ರಿ.